ರೀಫರ್ ಗಾಡಿಯಲ್ಲಿ ಮಾಲು ಕಳಿಸುತ್ತೀರಾ? ಟೆಂಪರೇಚರ್ ಮೇಲೆ ಕಣ್ಣಿಡುವುದು ಹೀಗೆ

ರೀಫರ್, ಅಂದರೆ ಕೂಲಿಂಗ್ ಯಂತ್ರ ಇರುವ ಗಾಡಿಯ ಕ್ಯಾಬಿನ್‌ನಲ್ಲಿ ಡ್ರೈವರ್ ಕಣ್ಣೆದುರು ಒಂದು ಚಿಕ್ಕ ಡಿಸ್‌ಪ್ಲೇ ಇರುತ್ತದೆ. ನೀವು ರಾತ್ರಿ ಫೋನ್ ಮಾಡಿ "ಎಷ್ಟಿದೆಯಪ್ಪಾ?" ಅಂತ ಕೇಳಿದರೆ ಅವನು ಅದನ್ನು ನೋಡಿ "ಮೈನಸ್ ಹದಿನೆಂಟು ಸಾರ್" ಅನ್ನುತ್ತಾನೆ. ನೀವು ನೆಮ್ಮದಿಯಿಂದ ಮಲಗುತ್ತೀರಿ. ಅವನು ಸುಳ್ಳು ಹೇಳಿಲ್ಲ. ಆದರೆ ಆ ಅಂಕಿ ನಿಮ್ಮ ಮಾಲಿನದ್ದಲ್ಲ, ಬಾಡಿಯೊಳಗೆ ಒಂದು ಸುತ್ತು ಹೊಡೆದು ಯೂನಿಟ್ಟಿಗೆ, ಅಂದರೆ ಆ ಕೂಲಿಂಗ್ ಯಂತ್ರಕ್ಕೆ, ವಾಪಸ್ ಬರುವ ಗಾಳಿಯದ್ದು. ಹೆಚ್ಚಿನ ಗಾಡಿಗಳಲ್ಲಿ ಸೆನ್ಸರ್ ಕೂತಿರುವುದೇ ಅಲ್ಲಿ.

ಗಾಳಿ ಬೇಗ ತಣ್ಣಗಾಗುತ್ತದೆ, ಬೇಗ ಬಿಸಿಯೂ ಆಗುತ್ತದೆ. ಟನ್‌ಗಟ್ಟಲೆ ಮೀನೋ ಐಸ್‌ಕ್ರೀಮೋ ಹಾಗಲ್ಲ. ಅದು ನಿಧಾನಕ್ಕೆ ಬಿಸಿಯಾಗುತ್ತದೆ, ಒಮ್ಮೆ ಬಿಸಿಯಾದರೆ ಗಾಡಿಯೊಳಗೆ ಮತ್ತೆ ತಣ್ಣಗಾಗುವುದು ಇನ್ನೂ ನಿಧಾನ. ಇದನ್ನೇ ಬಳಸಿಕೊಂಡು ನಡೆಯುವ ಒಂದು ಕೈಚಳಕ ಈ ಲೈನಿನಲ್ಲಿ ಇರುವವರಿಗೆಲ್ಲ ಗೊತ್ತು: ಗಾಡಿ ಊರು ದಾಟಿದ ಮೇಲೆ ಡೀಸೆಲ್ ಉಳಿಸಲು ಯೂನಿಟ್ ಆಫ್ ಮಾಡುವುದು, ಇಳಿಸುವ ಜಾಗ ಒಂದು ಗಂಟೆ ದೂರ ಇದೆ ಅನ್ನುವಾಗ ಮತ್ತೆ ಆನ್ ಮಾಡುವುದು. ಬಾಗಿಲು ತೆಗೆದಾಗ ಮುಖಕ್ಕೆ ತಣ್ಣನೆ ಹೊಗೆ ಬಡಿಯುತ್ತದೆ, ಡಿಸ್‌ಪ್ಲೇ ಮೈನಸ್ 18 ತೋರಿಸುತ್ತದೆ, ಎಲ್ಲರೂ ಸಹಿ ಹಾಕಿ ಮನೆಗೆ ಹೋಗುತ್ತಾರೆ. ನಾಲ್ಕು ದಿನ ಬಿಟ್ಟು ಗಿರಾಕಿ ಫೋನ್ ಮಾಡುತ್ತಾನೆ, ಐಸ್‌ಕ್ರೀಮ್ ಬಾಯಲ್ಲಿ ಮರಳು ಮರಳಾಗಿದೆ ಅಂತ.

ಹಾಗಾಗಿ ಮಾಲು ಊರು ಮುಟ್ಟಿದಾಗ ಟೆಂಪರೇಚರ್ ಎಷ್ಟಿತ್ತು ಅನ್ನುವುದು ಸಾಲದು. ಮಾಲಿನ ಪಕ್ಕದಲ್ಲಿ, ದಾರಿಯುದ್ದಕ್ಕೂ ಎಷ್ಟಿತ್ತು ಅನ್ನುವುದು ಬೇಕು. ಅದಕ್ಕೆ ಲಕ್ಷಗಟ್ಟಲೆ ಖರ್ಚೇನೂ ಇಲ್ಲ. ಸ್ವಂತ ಗಾಡಿ ಇಲ್ಲದೆ ಬಾಡಿಗೆ ರೀಫರ್‌ನಲ್ಲಿ ಮೀನು, ಪನೀರ್, ಐಸ್‌ಕ್ರೀಮ್ ಕಳಿಸುವ ಸಣ್ಣ ವ್ಯಾಪಾರಿಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಉದಾಹರಣೆಗೆ ಮಂಗಳೂರು–ಬೆಂಗಳೂರು ದಾರಿಯನ್ನೇ ಇಟ್ಟುಕೊಳ್ಳೋಣ. ಸುಮಾರು 350 ಕಿಲೋಮೀಟರ್, ನಡುವೆ ಶಿರಾಡಿ ಘಾಟಿ. ತೊಂದರೆ ಕೊಡಬಲ್ಲದ್ದೆಲ್ಲ ಈ ಒಂದೇ ದಾರಿಯಲ್ಲಿದೆ.

ಯಾವ ಮಾಲಿಗೆ ಎಷ್ಟು

ನಮ್ಮ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದ ಮೂಲ ಲೆಕ್ಕ ಸುಲಭ. ತಣ್ಣಗಿಡಬೇಕಾದ ಆಹಾರ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ಫ್ರೋಜನ್ ಮಾಲು ಮೈನಸ್ 18 ಅಥವಾ ಅದಕ್ಕಿಂತ ಕೆಳಗೆ. ಸಾಗಿಸುವವರೂ ಆಹಾರ ವ್ಯಾಪಾರಿಗಳೇ, ಅವರಿಗೂ ಲೈಸೆನ್ಸ್ ಅಥವಾ ನೋಂದಣಿ ಬೇಕು. ಗಾಡಿ ಗೊತ್ತು ಮಾಡುವಾಗ ಅದನ್ನು ಕೇಳಿ. ಮುಖ ಕಿವುಚುವವನ ಗಾಡಿ ಬೇಡ.

ಆದರೆ ಈ ಎರಡು ಅಂಕಿಗಳಲ್ಲೇ ಎಲ್ಲ ಮುಗಿಯುವುದಿಲ್ಲ. ಹಸಿ ಮೀನು ಐಸ್‌ನಲ್ಲಿ ಸೊನ್ನೆಯ ಹತ್ತಿರ, ಅಂದರೆ 0ರಿಂದ 2 ಡಿಗ್ರಿಯಲ್ಲಿ ಇರಬೇಕು. 5 ಡಿಗ್ರಿ ಅದಕ್ಕೆ ಜಾಸ್ತಿಯೇ. ಅದರಲ್ಲೂ ಬಂಗುಡೆ, ಬೂತಾಯಿ, ಕೇದರ್ (ಟ್ಯೂನಾ) ಥರದ ಮೀನುಗಳ ವಿಷಯದಲ್ಲಿ ಹುಷಾರು. ಇವು ಬಿಸಿಯಾದರೆ ಒಳಗೆ ಬ್ಯಾಕ್ಟೀರಿಯಾಗಳು ಹಿಸ್ಟಮೀನ್ ತಯಾರಿಸುತ್ತವೆ. ತಿಂದವರಿಗೆ ಮುಖ ಕೆಂಪಾಗುವುದು, ಮೈ ತುರಿಕೆ, ತಲೆನೋವು. ಒಮ್ಮೆ ಹಿಸ್ಟಮೀನ್ ಆಯಿತೆಂದರೆ ಮತ್ತೆ ಫ್ರೀಜ್ ಮಾಡಿದರೂ ಹೋಗುವುದಿಲ್ಲ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಮೀನು ನೋಡಲು ಫ್ರೆಶ್ ಆಗಿಯೇ ಕಾಣಬಹುದು. ಹೀಗಾಗಿ ಇಲ್ಲಿ ಕಣ್ಣು, ಮೂಗಿಗಿಂತ ದಾರಿಯುದ್ದಕ್ಕೂ ದಾಖಲಾದ ಟೆಂಪರೇಚರ್ ಗ್ರಾಫೇ ಹೆಚ್ಚು ನಂಬಿಕಸ್ಥ.

ಐಸ್‌ಕ್ರೀಮಿನದು ಬೇರೆ ಕಥೆ. ಮೈನಸ್ 18ರಲ್ಲೂ ಅದರೊಳಗಿನ ನೀರೆಲ್ಲ ಗಟ್ಟಿಯಾಗಿರುವುದಿಲ್ಲ. ಟೆಂಪರೇಚರ್ ಏರಿದಾಗ ಸಣ್ಣ ಐಸ್ ಹರಳುಗಳು ಕರಗುತ್ತವೆ, ಇಳಿದಾಗ ಆ ನೀರು ಉಳಿದ ಹರಳುಗಳ ಮೇಲೆ ಕೂತು ಅವು ದೊಡ್ಡದಾಗುತ್ತವೆ. ಏರಿದ್ದು ಇಳಿದದ್ದು ಜಾಸ್ತಿ ಸಲ ಆದಷ್ಟೂ ಹರಳು ದಪ್ಪ. ಕಪ್ ಹೊರಗೆ ಸೋರಿರುವುದಿಲ್ಲ, ಆಕಾರ ಕೆಟ್ಟಿರುವುದಿಲ್ಲ, ಆದರೆ ನಾಲಿಗೆಗೆ ಗೊತ್ತಾಗುತ್ತದೆ. ಅದಕ್ಕೇ ತಯಾರಕರು ಗಾಡಿಯನ್ನು ಮೈನಸ್ 20ಕ್ಕಿಂತ ಕೆಳಗೆ ಸೆಟ್ ಮಾಡಲು ಹೇಳುವುದು.

ಇನ್ನೊಂದು ಕಡೆ, ಜಾಸ್ತಿ ತಣ್ಣಗಾದರೆ ಹಾಳಾಗುವ ಮಾಲೂ ಇದೆ. ಬಾಳೆಹಣ್ಣು 13 ಡಿಗ್ರಿಗಿಂತ ಕೆಳಗೆ ಹೋದರೆ ಸಿಪ್ಪೆ ಕಪ್ಪಿಟ್ಟು ಸರಿಯಾಗಿ ಹಣ್ಣೇ ಆಗುವುದಿಲ್ಲ. ವಿಜಯಪುರದ ದ್ರಾಕ್ಷಿಗೆ ಸೊನ್ನೆಯ ಹತ್ತಿರ ಬೇಕು. ಎರಡನ್ನೂ ಒಂದೇ ಗಾಡಿಗೆ ಹಾಕಿ "4 ಡಿಗ್ರಿ ಇಡಪ್ಪಾ, ನಡುವೆ ಆಯ್ತು" ಅಂದರೆ ಬಾಳೆ ಕಪ್ಪಾಗುತ್ತದೆ, ದ್ರಾಕ್ಷಿಯ ಬಾಳಿಕೆ ಕಡಿಮೆಯಾಗುತ್ತದೆ. ಬಾಡಿಗೆ ಉಳಿಸಲು ಮಿಕ್ಸ್ ಲೋಡ್ ಮಾಡುವವರು ಇದನ್ನು ಯೋಚಿಸುವುದೇ ಇಲ್ಲ.

ಏನು ಕೊಳ್ಳಬೇಕು

ದಾರಿಯುದ್ದಕ್ಕೂ ಟೆಂಪರೇಚರ್ ದಾಖಲಿಸುವ ಸಾಧನಕ್ಕೆ ಲಾಗರ್ ಅನ್ನುತ್ತಾರೆ, ಮೂರು ಥರದವು ಸಿಗುತ್ತವೆ. ಒಂದು, ಯುಎಸ್‌ಬಿ ಲಾಗರ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬಟನ್ ಒತ್ತಿ ಮಾಲಿನ ನಡುವೆ ಇಟ್ಟರೆ ಆಯಿತು, ಆಮೇಲೆ ಕಂಪ್ಯೂಟರ್‌ಗೆ ಚುಚ್ಚಿದರೆ ಪಿಡಿಎಫ್ ಗ್ರಾಫ್ ಕೊಡುತ್ತದೆ. ಎರಡು, ಬ್ಲೂಟೂತ್ ಲಾಗರ್. ಬಾಗಿಲು ತೆಗೆದು ಫೋನ್ ಹತ್ತಿರ ಹಿಡಿದರೆ ಓದಬಹುದು. ಮೂರು, ಸಿಮ್ ಮತ್ತು ಜಿಪಿಎಸ್ ಇರುವುದು. ಇದು ದಾರಿಯಲ್ಲೇ ನಿಮ್ಮ ಮೊಬೈಲ್‌ಗೆ ಟೆಂಪರೇಚರ್ ಕಳಿಸುತ್ತದೆ.

ವಾರಕ್ಕೆ ಒಂದೆರಡು ಲೋಡ್ ಕಳಿಸುವವರಿಗೆ ಯುಎಸ್‌ಬಿ ಲಾಗರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಲೈವ್ ನೋಡುವುದು ಚೆಂದ ನಿಜ, ಆದರೆ ರಾತ್ರಿ ಎರಡು ಗಂಟೆಗೆ ಅಲಾರಂ ಬಂದಾಗ ಎದ್ದು ಏನಾದರೂ ಮಾಡುವ ಜನ ನಿಮ್ಮ ಹತ್ತಿರ ಇಲ್ಲದಿದ್ದರೆ ಆ ಲೈವ್‌ನಿಂದ ಏನು ಪ್ರಯೋಜನ? ದಿನವೂ ಗಾಡಿ ಓಡುತ್ತಿದ್ದರೆ, ಒಂದೊಂದು ಲೋಡಿನ ಬೆಲೆ ದೊಡ್ಡದಿದ್ದರೆ ಸಿಮ್ ಇರುವುದನ್ನೇ ಹಾಕಿ. ಆಗ ಒಂದು ಮಾತು ತಪ್ಪದೆ ಕೇಳಿ: ನೆಟ್‌ವರ್ಕ್ ಇಲ್ಲದ ಕಡೆ ಅಂಕಿಗಳನ್ನು ಒಳಗೇ ಉಳಿಸಿಕೊಂಡು ಸಿಗ್ನಲ್ ಬಂದಾಗ ಕಳಿಸುತ್ತದೆಯೋ ಇಲ್ಲವೋ? ಗುಂಡ್ಯ ದಾಟಿ ಘಾಟಿ ಹತ್ತುವಾಗ ಸಿಗ್ನಲ್ ಕೈಕೊಡುತ್ತದೆ. ಉಳಿಸಿಕೊಳ್ಳದ ಸಾಧನ ಆದರೆ ಆ ಹೊತ್ತಿನ ಗ್ರಾಫ್ ಖಾಲಿ. ಇನ್ನೊಂದು, ರೀಫರ್ ಬಾಡಿಯಲ್ಲಿ ಲೋಹದ ಶೀಟ್ ಇದ್ದರೆ ಒಳಗಿನ ಸಿಗ್ನಲ್ ಹೊರಗೆ ಬರುವುದು ಕಷ್ಟ. ಆಂಟೆನಾ ಹೊರಗಿರಬೇಕು, ಸೆನ್ಸರ್ ತಂತಿ ಮಾತ್ರ ಒಳಗೆ.

ಕೊಳ್ಳುವಾಗ ನೋಡಬೇಕಾದ ಸಣ್ಣಪುಟ್ಟ ವಿಷಯಗಳು ಇನ್ನೂ ಇವೆ. ಫ್ರೋಜನ್‌ಗೆ ಬಳಸುವ ಲಾಗರ್‌ನಲ್ಲಿ ಲಿಥಿಯಂ ಬ್ಯಾಟರಿ ಇರಲಿ. ಸಾಮಾನ್ಯ ಆಲ್ಕಲೈನ್ ಸೆಲ್ ಆ ಚಳಿಗೆ ಸುಸ್ತಾಗಿಬಿಡುತ್ತದೆ, ಅರ್ಧ ದಾರಿಗೆ ರೆಕಾರ್ಡ್ ನಿಲ್ಲುತ್ತದೆ. ಸಾಗಾಟದಲ್ಲಿ ಬಳಸುವ ಟೆಂಪರೇಚರ್ ರೆಕಾರ್ಡರ್‌ಗಳಿಗೆ ಯುರೋಪಿನಲ್ಲಿ ಇಎನ್ 12830 ಅನ್ನುವ ಮಾನದಂಡ ಇದೆ. ಡಬ್ಬಿಯ ಮೇಲೆ ಅದಿದ್ದರೆ ಒಳ್ಳೆಯದು. ಜೊತೆಗೆ ಚುಚ್ಚಿ ನೋಡುವ ಒಂದು ಪ್ರೋಬ್ ಥರ್ಮಾಮೀಟರ್ ಕಡ್ಡಾಯವಾಗಿ ಇಟ್ಟುಕೊಳ್ಳಿ.

ಗನ್ ಥರದ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಡವಾ ಅಂತ ಎಲ್ಲರೂ ಕೇಳುತ್ತಾರೆ. ಕೋವಿಡ್ ಸಮಯದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದರ ಅಣ್ಣ ಅದು. ಅದು ಹೊರಮೈಯನ್ನು ಮಾತ್ರ ಓದುತ್ತದೆ. ಬಾಗಿಲು ತೆಗೆದು ಎರಡು ನಿಮಿಷ ಆದರೆ ಬಾಕ್ಸಿನ ಹೊರಮೈ ಬಿಸಿ, ಒಳಗೆ ಮಾಲು ತಣ್ಣಗೇ ಇರುತ್ತದೆ. ಹೊಳೆಯುವ ಫಾಯಿಲ್ ಕವರ್ ಮೇಲಂತೂ ಪೂರ್ತಿ ತಪ್ಪು ಅಂಕಿ ಬರುತ್ತದೆ. ಯಾವ ಪ್ಯಾಲೆಟ್ ಮೇಲೆ ಅನುಮಾನ ಪಡಬೇಕು ಅಂತ ಬೇಗ ಹುಡುಕಲು ಬಳಸಿ. ಅದರ ಆಧಾರದ ಮೇಲೆ ಮಾಲು ವಾಪಸ್ ಕಳಿಸಬೇಡಿ, ಒಪ್ಪಿಕೊಳ್ಳಲೂಬೇಡಿ.

ಒಂದು ಲೋಟ ಐಸ್‌ನಲ್ಲಿ ಪರೀಕ್ಷೆ

ಲಾಗರ್ ಹೊಸದೇ ಆದರೂ ಸರಿ ಇದೆಯೋ ಇಲ್ಲವೋ ನೋಡಿಕೊಳ್ಳಿ. ಇದಕ್ಕೆ ಬೇಕಾದ್ದು ಒಂದು ದೊಡ್ಡ ಲೋಟ, ಐಸ್, ಶುದ್ಧ ನೀರು.

ಐಸನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಿ. ಲೋಟದ ತುಂಬ ಐಸ್ ಹಾಕಿ, ಆಮೇಲೆ ಸಂದಿಗಳು ತುಂಬುವಷ್ಟು ಮಾತ್ರ ತಣ್ಣೀರು ಹಾಕಿ. ಐಸ್ ಮೇಲೆ ತೇಲಿ, ಕೆಳಗೆ ಬರೀ ನೀರು ನಿಂತಿದ್ದರೆ ನೀರು ಜಾಸ್ತಿಯಾಗಿದೆ. ಚೆಲ್ಲಿ ಇನ್ನಷ್ಟು ಐಸ್ ಹಾಕಿ. ಕಲಕಿ ಐದು ನಿಮಿಷ ಬಿಡಿ. ಈಗ ಪ್ರೋಬನ್ನು ನಡುಮಧ್ಯಕ್ಕೆ ಇಳಿಸಿ, ತಳಕ್ಕಾಗಲಿ ಲೋಟದ ಗೋಡೆಗಾಗಲಿ ತಾಗಬಾರದು. ಅಂಕಿ ಇಳಿಯುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ಅದು 0 ಡಿಗ್ರಿ ಆಗಿರಬೇಕು. ಅರ್ಧ ಡಿಗ್ರಿ ಆಚೀಚೆ ಇದ್ದರೆ ಪರವಾಗಿಲ್ಲ. 2 ಡಿಗ್ರಿ ಅಂತಿದ್ದರೆ ಆ ಥರ್ಮಾಮೀಟರ್ ನಿಮಗೆ ದಿನಾ ಸುಳ್ಳು ಹೇಳುತ್ತಿದೆ. ಪ್ರೋಬ್ ಇಲ್ಲದ ಲಾಗರ್ ಆದರೆ ಜಿಪ್ ಕವರಿಗೆ ಹಾಕಿ ಗಾಳಿ ತೆಗೆದು ಬಾಕ್ಸಿನಲ್ಲಿ ಇದೇ ಐಸ್-ನೀರಿನೊಳಗೆ ಮುಳುಗಿಸಿ ಅರ್ಧ ಗಂಟೆ ಬಿಡಿ, ಆಮೇಲೆ ಗ್ರಾಫ್ ನೋಡಿ.

ಉಪ್ಪು ಸೇರಬಾರದು. ಉಪ್ಪು ಬಿದ್ದರೆ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದೆ. ಹಿಂದೆ ಮನೆಯಲ್ಲಿ ಕೈಯಿಂದ ತಿರುಗಿಸಿ ಐಸ್‌ಕ್ರೀಮ್ ಮಾಡುವಾಗ ಐಸಿಗೆ ಕಲ್ಲುಪ್ಪು ಸುರಿಯುತ್ತಿದ್ದದ್ದು ಇದಕ್ಕೇ. ಇನ್ನು ಕುದಿಯುವ ನೀರಿಗೆ ಹಾಕಿ 100 ಬರುತ್ತದಾ ನೋಡಿ ಅಂತ ಹೇಳುವವರಿದ್ದಾರೆ. ಮಂಗಳೂರಿನಲ್ಲಿ ಸರಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸುಮ್ನೆ ಒಳ್ಳೆಯ ಥರ್ಮಾಮೀಟರ್ ಬಿಸಾಡುತ್ತೀರಿ.

ಈ ಐಸ್ ಪರೀಕ್ಷೆ ಸೊನ್ನೆಯನ್ನು ಮಾತ್ರ ನೋಡುತ್ತದೆ. ಮೈನಸ್ 18ರಲ್ಲೂ ಸರಿ ಇದೆ ಅನ್ನುವುದಕ್ಕೆ ವರ್ಷಕ್ಕೊಮ್ಮೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ ಕ್ಯಾಲಿಬ್ರೇಶನ್, ಅಂದರೆ ಅಳತೆಯ ತಾಳೆ ಪರೀಕ್ಷೆ, ಮಾಡಿಸಿ. ದೊಡ್ಡ ಗಿರಾಕಿಗಳು ಆ ಸರ್ಟಿಫಿಕೇಟ್ ಕೇಳುತ್ತಾರೆ ಕೂಡ.

ಲೋಡ್ ಮಾಡುವ ಮೊದಲು

ರೀಫರ್ ಯೂನಿಟ್ ಇರುವುದು ತಣ್ಣಗಿರುವ ಮಾಲನ್ನು ತಣ್ಣಗೆ ಉಳಿಸಲು. ಬಿಸಿ ಮಾಲನ್ನು ತಣ್ಣಗೆ ಮಾಡುವ ಶಕ್ತಿ ಅದಕ್ಕಿಲ್ಲ. ಎಷ್ಟು ಹೇಳಿದರೂ ಕೆಲವರ ತಲೆಗೆ ಹೋಗುವುದಿಲ್ಲ, "ಗಾಡಿ ಇದೆಯಲ್ಲ, ಬೆಂಗಳೂರು ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತೆ ಬಿಡಿ" ಅನ್ನುತ್ತಾರೆ. ಆಗುವುದಿಲ್ಲ. ಅದರ ಜೊತೆ ಇರುವ ಒಳ್ಳೆಯ ಮಾಲಿಗೂ ಆ ಬಿಸಿ ತಾಗುತ್ತದೆ.

ಹಾಗಾಗಿ ಮೊದಲ ಅಳತೆ ಮಾಲು ಹತ್ತಿಸುವ ಕಟ್ಟೆಯಲ್ಲಿ, ಅಂದರೆ ಡಾಕ್‌ನಲ್ಲೇ. ಎರಡು ಪೆಟ್ಟಿಗೆಗಳ ನಡುವೆ ಪ್ರೋಬ್ ತೂರಿಸಿ, ಮೇಲೆ ಇನ್ನೊಂದು ಪೆಟ್ಟಿಗೆ ಇಟ್ಟು ಒತ್ತಿ, ಅಂಕಿ ನಿಲ್ಲುವ ತನಕ ಕಾಯಿರಿ. ಪ್ಯಾಕ್ ಒಡೆಯುವ ಅಗತ್ಯ ಇಲ್ಲ. ಒಂದೇ ಕಡೆ ನೋಡಿ ಬಿಡಬೇಡಿ. ಮೇಲಿನದು, ಕೆಳಗಿನದು, ಬಿಸಿಲ ಕಡೆ ಇದ್ದದ್ದು, ಹೀಗೆ ಬೇರೆ ಬೇರೆ ಕಡೆ ನೋಡಿ. ಬರೆದು ಫೋಟೋ ತೆಗೆದಿಡಿ. ಮುಂದೆ ಜಗಳ ಬಂದರೆ, ಮಾಲು ಹೊರಡುವಾಗಲೇ ಹೇಗಿತ್ತು ಅನ್ನುವುದು ಮೊದಲ ಪ್ರಶ್ನೆ.

ಗಾಡಿ ಖಾಲಿ ಇರುವಾಗಲೇ ಯೂನಿಟ್ ಓಡಿಸಿ ಬಾಡಿ ತಣ್ಣಗೆ ಮಾಡಿಸಿ. ಗಾಳಿ ತಣ್ಣಗಾದರೆ ಸಾಲದು, ಗೋಡೆ, ನೆಲ, ಚಾವಣಿಯೂ ತಣ್ಣಗಾಗಬೇಕು. ಇಲ್ಲದಿದ್ದರೆ ಅವುಗಳ ಬಿಸಿಯೆಲ್ಲ ಮಾಲಿಗೇ. ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತ ಗಾಡಿ ಆದರೆ ಒಂದು ಗಂಟೆಗಿಂತ ಜಾಸ್ತಿಯೇ ಬೇಕು. ಅಷ್ಟರಲ್ಲಿ ಬಾಗಿಲಿನ ರಬ್ಬರ್ ನೋಡಿ. ಒಬ್ಬ ಒಳಗೆ ನಿಂತು ಹೊರಗಿನವನು ಬಾಗಿಲು ಹಾಕಲಿ, ಹಗಲು ಬೆಳಕು ಸಂದಿಯಿಂದ ಕಾಣಿಸಿದರೆ ಅಲ್ಲಿಂದ ಬಿಸಿ ಗಾಳಿಯೂ ಬರುತ್ತದೆ. ಇಲ್ಲವಾದರೆ ಒಂದು ನೋಟನ್ನು ಸಂದಿಗಿಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಸವೆದಿದೆ.

ಲೋಡ್ ಮಾಡುವಾಗ ಬಾಗಿಲು ತೆರೆದಿದ್ದರೆ ಯೂನಿಟ್ ಆಫ್ ಮಾಡಿಸಿ. ಕೇಳಲು ವಿಚಿತ್ರ, ಅಲ್ವಾ? ಬಾಗಿಲು ತೆರೆದು ಫ್ಯಾನ್ ಓಡಿಸಿದರೆ ಕರಾವಳಿಯ ಆ ಹಸಿ ಗಾಳಿಯನ್ನೆಲ್ಲ ಅದು ಒಳಗೆ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿನ ನೀರು ಕಾಯಿಲ್ (ಯೂನಿಟ್ಟಿನ ತಣ್ಣನೆ ಕೊಳವೆಗಳು) ಮೇಲೆ ಹಿಮವಾಗಿ ಕೂತು, ಹೊರಟ ಮೇಲೆ ಯೂನಿಟ್ ತಣ್ಣಗೆ ಮಾಡುವ ಬದಲು ಹಿಮ ಕರಗಿಸುತ್ತಾ ಕೂರುತ್ತದೆ.

ಜೋಡಿಸುವುದರಲ್ಲೂ ಲೆಕ್ಕ ಇದೆ. ಚಾವಣಿಗೆ ಮುಟ್ಟುವಂತೆ ಪೇರಿಸಬೇಡಿ, ಗೋಡೆಯ ಮೇಲೆ ಕೆಂಪು ಗೆರೆ ಇದ್ದರೆ ಅದನ್ನು ದಾಟಬೇಡಿ. ಬಾಗಿಲ ಕಡೆ, ಮುಂದಿನ ಗೋಡೆಯ ಕಡೆ ಗಾಳಿ ಓಡಾಡಲು ಜಾಗ ಬಿಡಿ. ಫ್ರೋಜನ್ ಮಾಲಾದರೆ ಪೆಟ್ಟಿಗೆಗಳನ್ನು ಒಂದಕ್ಕೊಂದು ಅಂಟಿಸಿ ಇಡಬಹುದು, ಗಾಳಿ ಸುತ್ತಲೂ ಹರಿದರೆ ಸಾಕು. ತರಕಾರಿ ಹಣ್ಣು ಹಾಗಲ್ಲ. ಅವು ಕಿತ್ತ ಮೇಲೂ ಉಸಿರಾಡುತ್ತವೆ, ತಾವೇ ಬಿಸಿ ಹುಟ್ಟಿಸುತ್ತವೆ, ಹಾಗಾಗಿ ಗಾಳಿ ಪೆಟ್ಟಿಗೆಗಳ ನಡುವೆಯೇ ಹೋಗಬೇಕು.

ಸೆನ್ಸರ್ ಎಲ್ಲಿಡಬೇಕು

ಒಂದೇ ಲಾಗರ್ ಇದ್ದರೆ ಬಾಗಿಲ ಹತ್ತಿರದ ಸಾಲಿನಲ್ಲಿ, ಮೇಲ್ಭಾಗದ ಪೆಟ್ಟಿಗೆಯೊಳಗೆ ಇಡಿ. ಸಾಮಾನ್ಯವಾಗಿ ಅತಿ ಬಿಸಿಯಾಗುವ ಜಾಗ ಅದು. ಯೂನಿಟ್‌ನಿಂದ ದೂರ, ಬಾಗಿಲು ತೆಗೆದಾಗ ಮೊದಲು ಬಿಸಿ ತಾಗುವುದೂ ಅಲ್ಲೇ. ಎರಡಿದ್ದರೆ ಇನ್ನೊಂದನ್ನು ಲೋಡಿನ ನಡುವೆ ಇಡಿ. ಮೂರನೆಯದು ಇದ್ದರೆ ಯೂನಿಟ್ ಗಾಳಿ ನೇರ ಬಡಿಯುವ ಕಡೆ. ಪನೀರ್, ಸೊಪ್ಪಿನಂಥ ಮಾಲು ಅಲ್ಲಿ ಹೆಪ್ಪುಗಟ್ಟುತ್ತಿದೆಯಾ ಅನ್ನುವುದು ಅದರಿಂದ ತಿಳಿಯುತ್ತದೆ.

ಪೆಟ್ಟಿಗೆಯ ಹೊರಗೆ ಟೇಪ್ ಹಾಕಿ ಅಂಟಿಸಿದರೆ ಮತ್ತೆ ಗಾಳಿಯ ಟೆಂಪರೇಚರ್ ಸಿಗುತ್ತದೆ. ಅದೂ ಬೇಕು, ಆದರೆ ಮಾಲಿನದ್ದು ಅಂದುಕೊಳ್ಳಬೇಡಿ. ಮಾಲಿನೊಳಗೆ ಇಡಲು ಆಗದಿದ್ದಾಗ ಪ್ರೋಬನ್ನು ಗ್ಲೈಕಾಲ್ ಅನ್ನುವ, ಸುಲಭಕ್ಕೆ ಹೆಪ್ಪುಗಟ್ಟದ ದ್ರವ ತುಂಬಿದ ಸಣ್ಣ ಬಾಟಲಿಯೊಳಗೆ ಇಡುವ ಪದ್ಧತಿ ಇದೆ. ಆ ದ್ರವ ಮಾಲಿನಂತೆಯೇ ನಿಧಾನಕ್ಕೆ ಬಿಸಿಯಾಗುವುದರಿಂದ ಬಾಗಿಲು ಎರಡು ನಿಮಿಷ ತೆರೆದದ್ದಕ್ಕೆಲ್ಲ ಅಲಾರಂ ಹೊಡೆಯುವುದಿಲ್ಲ.

ಸೆಟ್ಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ಅಥವಾ ಹತ್ತು ನಿಮಿಷಕ್ಕೊಮ್ಮೆ ದಾಖಲಾಗಲಿ. ಒಂದು ಗಂಟೆಗೊಮ್ಮೆ ಅಂತ ಇಟ್ಟರೆ ನಡುವೆ ನಡೆದದ್ದೆಲ್ಲ ತಪ್ಪಿಹೋಗುತ್ತದೆ. ಸೆಲ್ಸಿಯಸ್‌ನಲ್ಲಿದೆಯಾ ನೋಡಿ. ಗಡಿಯಾರವನ್ನೂ ನೋಡಿ. ಎಷ್ಟೋ ಲಾಗರ್‌ಗಳು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಬರುತ್ತವೆ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಬದಲಾಯಿಸದಿದ್ದರೆ ರಾತ್ರಿ ಒಂದು ಗಂಟೆಗೆ ಆದದ್ದು ಗ್ರಾಫ್‌ನಲ್ಲಿ ಸಂಜೆ ಏಳೂವರೆ ಅಂತ ಕಾಣುತ್ತದೆ, ಟ್ರಾನ್ಸ್‌ಪೋರ್ಟ್‌ನವನು "ಆ ಹೊತ್ತಿಗೆ ಗಾಡಿ ನಿಮ್ಮ ಡಾಕ್‌ನಲ್ಲೇ ಇತ್ತಲ್ಲ ಸ್ವಾಮಿ" ಅನ್ನುತ್ತಾನೆ. ಅಲಾರಂ ಇರುವ ಸಾಧನಕ್ಕೆ 20–30 ನಿಮಿಷದ ತಡ ಕೊಡಿ. ಇಲ್ಲದಿದ್ದರೆ ಯೂನಿಟ್ ಹಿಮ ಕರಗಿಸುವ ಪ್ರತಿ ಡಿಫ್ರಾಸ್ಟಿಗೂ ಫೋನ್ ಕೂಗುತ್ತದೆ, ವಾರದೊಳಗೆ ನೀವೇ ಅದನ್ನು ಮ್ಯೂಟ್ ಮಾಡುತ್ತೀರಿ.

ದಾರಿಯಲ್ಲಿ

ನಿಮ್ಮ ಗಾಡಿಯ ಕಂಪ್ರೆಸರ್ ಯಾವುದರಿಂದ ಓಡುತ್ತದೆ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ದೊಡ್ಡ ಗಾಡಿಗಳಲ್ಲಿ ಯೂನಿಟ್ಟಿಗೇ ಬೇರೆ ಡೀಸೆಲ್ ಎಂಜಿನ್ ಇರುತ್ತದೆ. ಸಣ್ಣವುಗಳಲ್ಲಿ ಹೆಚ್ಚಾಗಿ ಗಾಡಿಯ ಎಂಜಿನ್ನೇ ಕಂಪ್ರೆಸರ್ ತಿರುಗಿಸುತ್ತದೆ. ಅಂದರೆ ಡ್ರೈವರ್ ಊಟಕ್ಕೆ ನಿಲ್ಲಿಸಿ ಕೀಲಿ ತೆಗೆದ ಕ್ಷಣ ಕೂಲಿಂಗೂ ನಿಂತಿತು. ಶಿರಾಡಿಯಲ್ಲಿ ಲಾರಿ ಮಗುಚಿ ಎರಡು ಗಂಟೆ ಜಾಮ್ ಆಯಿತು ಅಂದರೂ ಅದೇ ಕಥೆ. ಇಂಥ ಗಾಡಿಯಾದರೆ ಊಟಕ್ಕೆ ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು, ಎಂಜಿನ್ ಚಾಲೂ ಇಡಬೇಕಾ ಅನ್ನುವುದನ್ನು ಹೊರಡುವ ಮೊದಲೇ ಮಾತಾಡಿ. ಕೆಲವಕ್ಕೆ ಕರೆಂಟ್ ಪ್ಲಗ್ ಕೂಡ ಇರುತ್ತದೆ, ಬೆಂಗಳೂರಿನೊಳಗೆ ಹೋಗಲು ಹೊತ್ತಿನ ನಿರ್ಬಂಧ ಇದ್ದು ನೆಲಮಂಗಲದ ಕಡೆ ಕಾಯಬೇಕಾದಾಗ ಅದು ಉಪಯೋಗಕ್ಕೆ ಬರುತ್ತದೆ.

ಊರೊಳಗೆ ಅಂಗಡಿ ಅಂಗಡಿಗೆ ಐಸ್‌ಕ್ರೀಮ್ ಹಂಚುವ ಗಾಡಿಗಳಲ್ಲಿ ಬೇರೆ ವ್ಯವಸ್ಥೆ ಉಂಟು. ರಾತ್ರಿ ಪ್ಲಗ್ ಹಾಕಿ ತಂಪು ಹಿಡಿದಿಡುವ ದ್ರವ ತುಂಬಿದ ಯುಟೆಕ್ಟಿಕ್ ಪ್ಲೇಟ್‌ಗಳನ್ನು ಹೆಪ್ಪುಗಟ್ಟಿಸುತ್ತಾರೆ, ಹಗಲೆಲ್ಲ ಆ ತಂಪಿನಲ್ಲೇ ಓಡಾಟ. ರಾತ್ರಿ ಕರೆಂಟ್ ಕೈಕೊಟ್ಟಿದ್ದರೆ ಬೆಳಿಗ್ಗೆ ಹೊರಡುವಾಗ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ, ಮಧ್ಯಾಹ್ನ ಎರಡು ಗಂಟೆ ಮೇಲೆ ಬಣ್ಣ ಬಯಲು. ಇಂಥ ಗಾಡಿಯಲ್ಲಿ ಲಾಗರನ್ನು ರಾತ್ರಿಯಿಂದಲೇ ಓಡಿಸಿ. ಹಾಲಿನ ಟ್ಯಾಂಕರ್‌ಗಳಲ್ಲಂತೂ ಸಾಮಾನ್ಯವಾಗಿ ಯೂನಿಟ್ಟೇ ಇರುವುದಿಲ್ಲ. 4 ಡಿಗ್ರಿಗೆ ತಂಪು ಮಾಡಿದ ಹಾಲನ್ನು ಇನ್ಸುಲೇಶನ್ ಇರುವ ಟ್ಯಾಂಕಿಗೆ ತುಂಬಿ ಬೇಗ ಮುಟ್ಟಿಸುವುದೇ ಅಲ್ಲಿನ ಉಪಾಯ, ತುಂಬುವಾಗಿನ ಅಳತೆಯೇ ಎಲ್ಲ.

ಡ್ರೈವರ್ ವಿಷಯದಲ್ಲಿ ಒಂದು ಮಾತು. ಯೂನಿಟ್ ಆಫ್ ಮಾಡುವುದು ಅವನ ಕೆಟ್ಟ ಬುದ್ಧಿ ಅಂತ ಬೈಯುವುದು ಸುಲಭ. ಎಷ್ಟೋ ಸಲ ಮಾಲೀಕ ಇಡೀ ಟ್ರಿಪ್ಪಿಗೆ ಇಷ್ಟೇ ಡೀಸೆಲ್ ಅಂತ ಲೆಕ್ಕ ಕಟ್ಟಿ ಕೊಟ್ಟಿರುತ್ತಾನೆ, ಉಳಿದದ್ದು ಡ್ರೈವರ್‌ಗೆ, ಕಡಿಮೆ ಬಿದ್ದದ್ದೂ ಡ್ರೈವರ್ ತಲೆಗೆ. ಬಾಡಿಗೆ ಮಾತಾಡುವಾಗಲೇ ಯೂನಿಟ್ ಡೀಸೆಲ್ ಬೇರೆ ಲೆಕ್ಕ ಅಂತ ಬರೆಸಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಗಾಡಿಯಲ್ಲಿ ಲಾಗರ್ ಇದೆ ಅಂತಲೂ ಅವನಿಗೆ ಹೇಳಿಬಿಡಿ. ಎಲ್ಲಿದೆ ಅಂತ ಹೇಳಬೇಕಾಗಿಲ್ಲ.

ಗ್ರಾಫ್ ಓದುವುದು

ಮಂಗಳೂರಿನಿಂದ ಸಂಜೆ ಏಳಕ್ಕೆ ಹೊರಟು ಬೆಳಗಿನ ಜಾವ ಬೆಂಗಳೂರು ಸೇರುವ ಒಂದು ಫ್ರೋಜನ್ ಲೋಡ್ ಅಂದುಕೊಳ್ಳಿ. ಲಾಗರ್ ಚುಚ್ಚಿದರೆ ಪಿಡಿಎಫ್ ಬಂತು. ಎಲ್ಲರೂ ಮೊದಲು ನೋಡುವುದು ಮೇಲೆ ಬರೆದಿರುವ ಸರಾಸರಿಯನ್ನು. ಅದನ್ನು ಬಿಡಿ. ಅರ್ಧ ದಾರಿ ಮೈನಸ್ 24, ಇನ್ನರ್ಧ ಮೈನಸ್ 12 ಇದ್ದರೂ ಸರಾಸರಿ ಮೈನಸ್ 18 ಬರುತ್ತದೆ, ಮಾಲು ಮಾತ್ರ ಕೆಟ್ಟಿರುತ್ತದೆ. ಗೆರೆಯ ಆಕಾರ ನೋಡಿ.

ಗಾಳಿಯಲ್ಲಿಟ್ಟ ಲಾಗರ್‌ನ ಗೆರೆಯಲ್ಲಿ ಕೆಲವು ಗಂಟೆಗೊಮ್ಮೆ ಸಣ್ಣ ಹಲ್ಲಿನಂತೆ ಮೇಲೆದ್ದು ಕಾಲು ಅಥವಾ ಅರ್ಧ ಗಂಟೆಯಲ್ಲಿ ಇಳಿದಿದ್ದರೆ ಅದು ಡಿಫ್ರಾಸ್ಟ್. ಕಾಯಿಲ್ ಮೇಲಿನ ಹಿಮ ಕರಗಿಸಲು ಯೂನಿಟ್ ತಾನೇ ಬಿಸಿ ಮಾಡಿಕೊಳ್ಳುತ್ತದೆ. ಹೆದರಬೇಕಾಗಿಲ್ಲ, ಮಾಲಿನ ನಡುವಿನ ಲಾಗರ್‌ನಲ್ಲಿ ಆ ಹಲ್ಲು ಕಾಣುವುದೂ ಇಲ್ಲ. ಮಳೆಗಾಲದಲ್ಲಿ ಕರಾವಳಿ ಕಡೆ ಈ ಹಲ್ಲುಗಳು ಜಾಸ್ತಿ. ತೀರಾ ಜಾಸ್ತಿಯಾದರೆ ಬಾಗಿಲ ರಬ್ಬರ್ ಮೇಲೆ ಅನುಮಾನ ಪಡಿ.

ಒಮ್ಮೆಲೇ ನೆಟ್ಟಗೆ ಏರಿ, ಹಾಗೇ ಬೇಗ ಇಳಿದಿದ್ದರೆ ಬಾಗಿಲು ತೆರೆದಿದ್ದಾರೆ. ಹಾಸನದಲ್ಲಿ ಅರ್ಧ ಲೋಡ್ ಇಳಿಸುವುದಿದ್ದರೆ ಸರಿ. ಇರದಿದ್ದರೆ ಯಾಕೆ ಅಂತ ಕೇಳಿ. ಬೇರೆ ಯಾರದೋ ಮಾಲು ಹತ್ತಿಸಿಕೊಂಡಿರಲೂಬಹುದು.

ಹನ್ನೊಂದು ಗಂಟೆ ಹೊತ್ತಿಗೆ ಶುರುವಾಗಿ ಗಂಟೆಗಟ್ಟಲೆ ನಿಧಾನವಾಗಿ, ಒಂದೇ ಸಮನೆ ಗೆರೆ ಏರುತ್ತಾ ಹೋಗಿ, ಆ ಹೊತ್ತಿನಲ್ಲಿ ಡಿಫ್ರಾಸ್ಟಿನ ಹಲ್ಲೂ ಕಾಣದಿದ್ದರೆ ಯೂನಿಟ್ ನಿಂತಿತ್ತು ಅಂತಲೇ ಅರ್ಥ. ಓಡುತ್ತಿದ್ದರೆ ಡಿಫ್ರಾಸ್ಟ್ ಆಗಬೇಕಿತ್ತಲ್ಲ. ಅದಾದ ಮೇಲೆ, ಮುಟ್ಟುವುದಕ್ಕೆ ಒಂದು ಗಂಟೆ ಮೊದಲು ಗಾಳಿಯ ಗೆರೆ ದಡಕ್ಕನೆ ಕೆಳಗಿಳಿದು, ಮಾಲಿನ ನಡುವಿನ ಗೆರೆ ಮೇಲೇ ಉಳಿದಿದ್ದರೆ ಆ ಮೊದಲು ಹೇಳಿದ ಕೈಚಳಕವೇ. ಇದಕ್ಕೇ ಮಾಲಿನೊಳಗೊಂದು, ಗಾಳಿಯಲ್ಲೊಂದು ಲಾಗರ್ ಬೇಕು ಅನ್ನುವುದು. ಹಲ್ಲುಗಳೂ ಇದ್ದು ಗೆರೆ ನಿಧಾನಕ್ಕೆ ಏರುತ್ತಿದ್ದರೆ ಡ್ರೈವರ್ ತಪ್ಪಲ್ಲ, ಯೂನಿಟ್ಟಿನ ಗ್ಯಾಸ್ ಕಡಿಮೆಯಾಗಿರಬಹುದು ಅಥವಾ ಕಾಯಿಲ್ ಕಟ್ಟಿಕೊಂಡಿರಬಹುದು.

ಕೊನೆಯದು, ಗಾಳಿಯಲ್ಲಿಟ್ಟ ಲಾಗರ್‌ನಲ್ಲಿ ಸ್ವಲ್ಪವೂ ಅಲುಗಾಡದ ನೇರ ಗೆರೆ. ಅದನ್ನು ನೋಡಿ ಖುಷಿಪಡಬೇಡಿ. 350 ಕಿಲೋಮೀಟರ್ ಓಡಿದ ಗಾಡಿಯ ಗಾಳಿ ಹಾಗಿರಲು ಸಾಧ್ಯವಿಲ್ಲ. ಸೆನ್ಸರ್ ಕೆಟ್ಟಿರಬಹುದು, ಇಲ್ಲವೇ ಲಾಗರ್ ಗಾಡಿ ಹತ್ತದೆ ನಿಮ್ಮದೇ ಕೋಲ್ಡ್ ರೂಮಿನಲ್ಲಿ ಉಳಿದಿರಬಹುದು.

ಇಳಿಸಿಕೊಳ್ಳುವಾಗ

ಬಾಗಿಲು ತೆಗೆದ ಕೂಡಲೇ, ಒಂದು ಪೆಟ್ಟಿಗೆಯೂ ಇಳಿಯುವ ಮೊದಲು ಪ್ರೋಬ್ ಹಾಕಿ ನೋಡಬೇಕು. ಅರ್ಧ ಇಳಿಸಿ ಡಾಕ್‌ನಲ್ಲಿ ಬಿಸಿಲಿಗಿಟ್ಟ ಮೇಲೆ ಅಳೆದರೆ ತಪ್ಪು ಯಾರದ್ದು ಅನ್ನುವುದೇ ತಿಳಿಯುವುದಿಲ್ಲ. ಪ್ರೋಬನ್ನೂ ಮೊದಲು ಒಂದೆರಡು ನಿಮಿಷ ಎರಡು ಪೆಟ್ಟಿಗೆ ನಡುವೆ ಇಟ್ಟು ತಣ್ಣಗೆ ಮಾಡಿ, ಆಮೇಲೆ ನಿಜವಾದ ಅಳತೆ.

ಅಂಕಿ ಮೀರಿದ್ದರೆ ಏನು? ಫ್ರೋಜನ್‌ನಲ್ಲಿ ಸ್ವಲ್ಪ ಏರಿಳಿತವನ್ನು ನಿಯಮಗಳೇ ಒಪ್ಪುತ್ತವೆ, ಯುರೋಪಿನಲ್ಲಿ ಸಾಗಾಟದ ವೇಳೆ ಸ್ವಲ್ಪ ಹೊತ್ತಿಗೆ 3 ಡಿಗ್ರಿ ತನಕ ಬಿಡುತ್ತಾರೆ. ಮೈನಸ್ 16 ಬಂದರೆ ಗ್ರಾಫ್ ನೋಡಿ ತೀರ್ಮಾನಿಸಬಹುದು. ಮೆತ್ತಗಾಗಿ ಮತ್ತೆ ಗಟ್ಟಿಯಾದ ಗುರುತುಗಳನ್ನೂ ನೋಡಿ: ಪೆಟ್ಟಿಗೆ ತಳದಲ್ಲಿ ಐಸ್ ಗಡ್ಡೆ, ಪ್ಯಾಕ್ ಒಳಗೆ ಹಿಮದ ಪುಡಿ, ಒಂದಕ್ಕೊಂದು ಅಂಟಿಕೊಂಡ ಸಿಗಡಿ. ತಣ್ಣಗಿನ ಮಾಲಿಗೆ ಎಷ್ಟು ಹೊತ್ತು 5 ಡಿಗ್ರಿ ಮೀರಿತ್ತು ಅನ್ನುವುದು ಮುಖ್ಯ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಕೆಡುವಂಥ ಸಿದ್ಧ ಆಹಾರಕ್ಕೆ ಒಂದು ಸರಳ ಲೆಕ್ಕ ಬಳಸುತ್ತಾರೆ: ಒಟ್ಟು 2 ಗಂಟೆಯೊಳಗಾದರೆ ಮತ್ತೆ ಫ್ರಿಜ್‌ಗೆ ಹಾಕಬಹುದು, 2ರಿಂದ 4 ಗಂಟೆಯಾದರೆ ಕೂಡಲೇ ಬಳಸಬೇಕು, 4 ದಾಟಿದರೆ ಎಸೆಯಬೇಕು. ಒಟ್ಟು ಅಂದರೆ ಗಾಡಿಯ ಹೊತ್ತು ಮಾತ್ರ ಅಲ್ಲ, ಡಾಕ್, ಅಂಗಡಿ ಎಲ್ಲ ಸೇರಿ. ಬಂಗುಡೆ, ಕೇದರ್ ವಿಷಯದಲ್ಲಿ ನಾನಂತೂ ಈ ಸಲಿಗೆಯನ್ನೂ ಕೊಡುವುದಿಲ್ಲ.

ತಿರಸ್ಕರಿಸುವುದಿದ್ದರೆ ಪ್ರೋಬ್ ಡಿಸ್‌ಪ್ಲೇ, ಗಾಡಿ ನಂಬರ್, ಮಾಲು ಮೂರೂ ಒಂದೇ ಫೋಟೋದಲ್ಲಿ ಬರುವಂತೆ, ಇಲ್ಲವೇ ಕಟ್ ಮಾಡದ ಒಂದು ಸಣ್ಣ ವಿಡಿಯೋದಲ್ಲಿ ತೆಗೆದು, ಡ್ರೈವರ್ ಸಹಿ ಹಾಕಿಸಿ, ಲಾಗರ್ ಪಿಡಿಎಫ್ ಜೊತೆ ಅಲ್ಲಿಂದಲೇ ವಾಟ್ಸಾಪ್ ಮಾಡಿ. ಸಂಜೆಗೆ ಕಳಿಸುತ್ತೇನೆ ಅಂದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಎಲ್ಲ ಸರಿ ಇದ್ದ ಟ್ರಿಪ್ಪುಗಳ ಪಿಡಿಎಫ್‌ಗಳನ್ನೂ ಗಾಡಿ ನಂಬರ್ ಹೆಸರಿನ ಫೋಲ್ಡರ್‌ನಲ್ಲಿ ಹಾಕುತ್ತಾ ಹೋಗಿ. ಕೆಲವು ತಿಂಗಳಲ್ಲಿ ಯಾವ ಗಾಡಿಯ ಗೆರೆ ದಿನ ಹೋದಂತೆ ಮೇಲಕ್ಕೆ ಸರಿಯುತ್ತಿದೆ ಅನ್ನುವುದು ಮೆಕ್ಯಾನಿಕ್‌ಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ, ಏಪ್ರಿಲ್ ಬರುವ ಮೊದಲೇ ಅದನ್ನು ಬಿಟ್ಟು ಬೇರೆ ಗಾಡಿ ಗೊತ್ತು ಮಾಡಿಕೊಳ್ಳಬಹುದು.